ನಲವತ್ತೆರಡನೆಯ ತುಣುಕು

ಬೆಳಗಿನ ಪ್ರಾರ್ಥನೆ ಮುಗಿಸಿ ನಾನು ಕಣ್ಣು ತೆರೆದಾಗ ಕೆಳಮನೆಯ ವಿಡಿಯೋ ಎಡಿಟರ್ ನಮ್ಮ ಬಾಗಿಲಲ್ಲಿ ನಿಂತಿದ್ದ.

"ಮೇಷ್ಟ್ರೇ, ಅವಳ ಮಾತು ಹೋಯ್ತು," ಎಂದ.

ಅವನು ಕರೆದದ್ದು ನನ್ನನ್ನಲ್ಲ, ನನ್ನೊಡನೆ ಮಹಡಿಯಲ್ಲಿ ವಾಸವಿದ್ದ ಕತ್ತರಿ ಮೇಷ್ಟ್ರನ್ನು. ನಲವತ್ತು ವರ್ಷ ಫಿಲ್ಮನ್ನು ಕತ್ತರಿಯಲ್ಲೇ ಕತ್ತರಿಸಿ ಅಂಟಿಸಿದವರು ಅವರು. ಮುಪ್ಪಿನಲ್ಲಿ ಕಂಪ್ಯೂಟರ್ ಕಲಿತ ಮೇಲೆ, ಬೀದಿಯಲ್ಲಿ ಯಾರ ವಿಡಿಯೋ ಕೆಲಸ ನಿಂತುಹೋದರೂ ನಮ್ಮ ಮೆಟ್ಟಿಲೇ ಗತಿಯಾಗಿತ್ತು. ನಾವಿಬ್ಬರೂ ಹೆಂಡತಿಯನ್ನು ಕಳೆದುಕೊಂಡವರು. ಅವರ ಕನ್ನಡಕದ ಡಬ್ಬಿ ಹಿಡಿದು ಹಿಂದೆ ಹೋಗುವುದು ನನ್ನ ಕೆಲಸ.

ಎಡಿಟರನ ಹೆಂಡತಿ ತೀರಿಕೊಂಡು ಒಂಬತ್ತು ತಿಂಗಳಾಗಿತ್ತು. ಅವಳೂ ಎಡಿಟರ್ ಆಗಿದ್ದವಳೇ. ಕೊನೆಯ ವಾರಗಳಲ್ಲಿ ಅವಳು ಮಾತಾಡಿದ್ದನ್ನು ಮನೆಯವರು ಸರದಿಯಲ್ಲಿ ನಲವತ್ತೆರಡು ತುಣುಕುಗಳಾಗಿ ಚಿತ್ರೀಕರಿಸಿದ್ದರು. ಸ್ಟ್ಯಾಂಡಿನ ಮೇಲಿನ ಕ್ಯಾಮೆರಾ ಶುರುಮಾಡಿದವರು ಮೊದಲು ಅದರ ಮುಂದೆ ಒಮ್ಮೆ ಚಪ್ಪಾಳೆ ತಟ್ಟಲೇಬೇಕು. ಆಗ ಧ್ವನಿಯನ್ನೂ ಚಿತ್ರವನ್ನೂ ಸರಿಹೊಂದಿಸುವುದು ಸುಲಭ. ಹಾಸಿಗೆ ಹಿಡಿದರೂ ಅವಳು ಆ ನಿಯಮ ಬಿಟ್ಟಿರಲಿಲ್ಲ.

ಕೊನೆಯ ತುಣುಕಿನಲ್ಲಿ ಮಾತ್ರ ಆಮ್ಲಜನಕದ ಯಂತ್ರದ ಸದ್ದು ಅವಳ ಮಾತನ್ನು ನುಂಗಿತ್ತು. ಎಡಿಟಿಂಗ್ ತಂತ್ರಾಂಶದ ಹೊಸ ಆವೃತ್ತಿ ಅಂಥ ಸದ್ದಿನಿಂದ ಮಾತನ್ನು ಬೇರ್ಪಡಿಸುತ್ತದೆಂದು ಪ್ರಕಟಣೆ ಬಂದಿತ್ತು. ಬಿಡುಗಡೆಯ ದಿನ ಎರಡು ಸಲ ಮುಂದೆ ಹೋಯಿತು. ಎಡಿಟರ್ ದಿನವೂ ಆ ಪ್ರಕಟಣೆಯನ್ನು ತೆರೆದು ನೋಡುತ್ತಿದ್ದ. ಕೊನೆಗೂ ಅದು ಬಂತು. ಆ ಬೆಳಿಗ್ಗೆ ಅವನ ಕೆಲಸದ ಸಹಾಯಕಿ ಅದನ್ನು ಕಂಪ್ಯೂಟರಿಗೆ ಹಾಕಿದಳು. ತೆರೆದರೆ ನಲವತ್ತೊಂದು ತುಣುಕು ಸರಿಯಾಗಿದ್ದವು. ಕೊನೆಯದರ ಜಾಗದಲ್ಲಿ ಕೆಂಪು ಪಟ್ಟಿ: ಫೈಲ್ ಸಿಗುತ್ತಿಲ್ಲ.

ನಾವು ಕೆಳಗಿಳಿದಾಗ ಸಹಾಯಕಿಯ ಕಣ್ಣು ಊದಿಕೊಂಡಿತ್ತು.

"ನಾನು ಬರೋವರೆಗೂ ಮುಟ್ಟಬೇಡ ಅಂದಿದ್ದೆ," ಎಂದ ಎಡಿಟರ್. "ನಾಳೆಯಿಂದ ಬರಬೇಡ."

"ಹತ್ತು ವರ್ಷದಿಂದ ಇದೀನಿ ಸಾರ್. ಒಂದು ಫೈಲ್ ಕಳೆದಿದೀನಾ? ನಿನ್ನೆ ಸಂಜೆಯೇ ಎಲ್ಲದರದ್ದೂ ನಕಲು ತೆಗೆದಿಟ್ಟೆ."

ಅಷ್ಟರಲ್ಲಿ ಸತ್ತವಳ ಅಕ್ಕ ಊಟದ ಡಬ್ಬಿ ತಂದಳು. ಪಕ್ಕದ ಅಂಗಡಿಯಲ್ಲಿ ಬಟ್ಟೆ ಹೊಲಿಯುವ ಅವಳನ್ನು ಬೀದಿಯೆಲ್ಲ ದರ್ಜಿ ಅಕ್ಕ ಎನ್ನುತ್ತಿತ್ತು. ಅಳತೆ ಟೇಪನ್ನು ಕೈಗೆ ಸುತ್ತಿಕೊಂಡೇ ಬಂದಿದ್ದಳು.

"ಹೊಸದು ಹೊಸದು ಅಂತ ಕುಣಿದ್ರಿ. ಈಗ ಇದ್ದದ್ದೂ ಹೋಯ್ತಾ?" ಎಂದಳು.

ಮೇಷ್ಟ್ರು ಕನ್ನಡಕ ಏರಿಸಿದರು. "ಆ ತುಣುಕು ಯಾವಾಗ ತೆಗೆದದ್ದು?"

"ಅವಳು ಹೋದ ಮಧ್ಯಾಹ್ನ," ಎಂದ ಎಡಿಟರ್. "ನಾನು ಇಲ್ಲೇ ಕೆಲಸದಲ್ಲಿದ್ದೆ. ಒಳಗೆ ಅತ್ತಿಗೆ, ಈ ಹುಡುಗಿ, ಇಬ್ಬರೂ ಇದ್ರು. ತೆಗೆದವರು ಯಾರು ಅಂತ ಕೇಳೋ ಸ್ಥಿತಿಯಲ್ಲಿ ನಾನಿರ್ಲಿಲ್ಲ. ಆಮೇಲೆ ಒಂದೇ ಸಲ ಹಾಕಿದೆ. ಮುಖ ನೋಡೋಕಾಗದೆ ಮುಚ್ಚಿಬಿಟ್ಟೆ."

ಮೇಷ್ಟ್ರು ಸಹಾಯಕಿಯ ನಕಲನ್ನು ತೆರೆದು ಎಣಿಸಿದರು. ಅದರಲ್ಲೂ ನಲವತ್ತೊಂದೇ. ಆಮೇಲೆ ತಂತ್ರಾಂಶದ ಒಳಗಿನ ಯಾವುದೋ ಮೂಲೆಗೆ ಹೋಗಿ ಬಹಳ ಹೊತ್ತು ಕೂತು, ನನ್ನನ್ನು ಕರೆದರು. ಅಂಚೆಚೀಟಿಯಷ್ಟು ಚಿತ್ರ. ಎರಡು ಅಂಗೈ, ಒಂದು ಮಣಿಕಟ್ಟಿನಲ್ಲಿ ಹಳದಿ ಗೆರೆ.

"ಬಳೆ ಇರಬೇಕು," ಎಂದೆ.

ಅವರು ಬಗ್ಗಿ ಚಿತ್ರವನ್ನು ಇನ್ನೊಮ್ಮೆ ನೋಡಿದರು.

ಮಧ್ಯಾಹ್ನ ಎಲ್ಲರನ್ನೂ ಅದೇ ಕೋಣೆಯಲ್ಲಿ ಕೂರಿಸಿದರು.

"ಹೊಸ ಆವೃತ್ತಿ ಕೈಕೊಟ್ಟಿದ್ದರೆ ಎಲ್ಲಾ ತುಣುಕಿಗೂ ಕೈಕೊಡುತ್ತಿತ್ತು. ಅದು ಒಂದನ್ನೇ ಆರಿಸೋದಿಲ್ಲ," ಎಂದು ಶುರುಮಾಡಿದರು. "ನಿನ್ನೆ ಸಂಜೆಯ ನಕಲಲ್ಲೂ ಅದಿಲ್ಲ. ಅಂದರೆ ಹೊಸದನ್ನು ಹಾಕೋ ಮುಂಚೆಯೇ ಹೋಗಿದೆ. ಈ ಹುಡುಗಿ ತೆಗೆದಿದ್ದರೆ, ಗುಟ್ಟು ಬಿಟ್ಟುಕೊಡೋ ನಕಲನ್ನ ತಾನಾಗಿ ನನ್ನ ಕೈಗೆ ಕೊಡ್ತಿರಲಿಲ್ಲ."

ಎಡಿಟರ್ ತಲೆ ತಗ್ಗಿಸಿದ.

"ಇನ್ನು, ಆ ತುಣುಕಲ್ಲಿ ಏನೂ ಕೇಳಿಸೋದಿಲ್ಲ. ಹೊಸ ಆವೃತ್ತಿ ಬಂದರೆ ಅದು ಕೇಳಿಸಿಬಿಡುತ್ತೆ ಅಂತ ಹೆದರೋರು ಯಾರು? ಆ ಮಾತನ್ನ ಹಾಸಿಗೆ ಪಕ್ಕದಲ್ಲೇ ನಿಂತು ಕೇಳಿದ್ದವರು. ಫೈಲ್ ತೆಗೆದರೂ, ಪ್ರತಿ ತುಣುಕಿನ ಮೊದಲ ಚಿತ್ರವನ್ನ ತಂತ್ರಾಂಶ ಬೇರೆ ಕಡೆ ಚಿಕ್ಕದಾಗಿ ಇಟ್ಟುಕೊಂಡಿರುತ್ತೆ. ತೆಗೆದವರಿಗೆ ಅದು ಗೊತ್ತಿರಲಿಲ್ಲ." ಅವರು ಆ ಚಿತ್ರವನ್ನು ದೊಡ್ಡದು ಮಾಡಿದರು. ಹಳದಿ ಗೆರೆಯಲ್ಲಿ ಅಂಕಿಗಳಿದ್ದವು. ಅದು ಬಳೆಯಲ್ಲ, ಅಳತೆಯ ಟೇಪು.

ದರ್ಜಿ ಅಕ್ಕ ತನ್ನ ಮಣಿಕಟ್ಟನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಮುಚ್ಚಿ ಏನು ಪ್ರಯೋಜನವೆಂದು ತಾನೇ ತೆಗೆದಳು.

"ಮೊನ್ನೆ ಮಧ್ಯಾಹ್ನ ನಾನೇ ಆ ಫೈಲ್ ತೆಗೆದೆ," ಎಂದಳು. "ಅವಳು ಹೋದ ದಿನ ಇವರನ್ನ ಮೂರು ಸಲ ಕರೆದೆ ಮೇಷ್ಟ್ರೇ. ಯಾರದೋ ಮದುವೆ ವಿಡಿಯೋ ತಯಾರಾಗ್ತಿತ್ತು. ನಡುವೆ ಎದ್ದರೆ ಮತ್ತೆ ನಿಲ್ಲುತ್ತೆ, ಎರಡೇ ನಿಮಿಷ ಅಂದ್ರು. ಬಂದಾಗ ಅವಳು ಹೋಗಿದ್ಲು. ಅವಳು ಆಗ ಹೇಳಿದ್ದನ್ನ ಇವರು ಕೇಳಿದ್ರೆ ಬದುಕೋದಿಲ್ಲ ಅನ್ನಿಸ್ತು. ನಿನ್ನ ನೌಕರಿಗೇ ಕುತ್ತು ಬರುತ್ತೆ ಅಂತ ಎಣಿಸಿರ್ಲಿಲ್ಲ ಕಣಮ್ಮಾ, ನನ್ನ ಕ್ಷಮಿಸು."

ಸಹಾಯಕಿ ಅವಳ ಕೈ ಹಿಡಿದುಕೊಂಡಳು.

"ಅಳಿಸಿಬಿಟ್ರಾ ಅತ್ತಿಗೆ?" ಎಂದ ಎಡಿಟರ್.

"ತಂಗಿ ದನಿ ಅಳಿಸೋಕೆ ಕೈ ಬರುತ್ತಾ?" ಗುಂಡಿಗಳ ಡಬ್ಬಿಯ ತಳದಿಂದ ಅವಳು ಪೆನ್ ಡ್ರೈವ್ ತೆಗೆದಳು. "ಕೇಳಬೇಡಪ್ಪಾ. ಬೈದಿದಾಳೆ."

"ಬೈಲಿ ಅತ್ತಿಗೆ. ಮೂರು ಸಲ ಕರೆದದ್ದು ನನಗೆ ಗೊತ್ತಿಲ್ವಾ? ಒಂಬತ್ತು ತಿಂಗಳಿಂದ ನಾನೇ ಬೈಕೊಂಡಿದೀನಿ. ಅವಳ ಬಾಯಲ್ಲಿ ಕೇಳ್ಬೇಕು."

ಸಹಾಯಕಿಯೇ ಅದನ್ನು ಹೊಸ ಆವೃತ್ತಿಯಲ್ಲಿ ಹಾಕಿದಳು. ಪಟ್ಟಿ ನಿಧಾನವಾಗಿ ತುಂಬಿತು. ಯಂತ್ರದ ಸದ್ದು ದೂರ ಸರಿಯಿತು. ನನ್ನ ಮನೆಯವಳ ದನಿ ಯಾವ ಯಂತ್ರದಲ್ಲೂ ಉಳಿದಿಲ್ಲ. ಪ್ರಾರ್ಥನೆಯಲ್ಲಿ ಅದನ್ನು ನೆನಪಿಗೆ ತಂದುಕೊಳ್ಳಲು ನೋಡುತ್ತೇನೆ, ಈಚೆಗೆ ಬರುವುದಿಲ್ಲ. ನಾನು ಕಣ್ಣು ಮುಚ್ಚಿದೆ.

"ಬರಲ್ವಂತಾ ಅಕ್ಕಾ?" ಬಳಲಿದ, ಆದರೆ ಸ್ಪಷ್ಟವಾದ ದನಿ. "ಆ ಕಂಪ್ಯೂಟರನ್ನೇ ಕಟ್ಕೋಬೇಕಿತ್ತು ಅವರು. ನನಗ್ಯಾಕೆ ಗಂಟು ಬಿದ್ರು." ಉಸಿರು. ಬಹಳ ಹೊತ್ತು ಬರೀ ಉಸಿರು. ಆಮೇಲೆ, "ಹೋಗಿ ಸೇವ್ ಮಾಡಿದಾರಾ ಕೇಳು. ಮರೆತುಬಿಡ್ತಾರೆ. ಆಮೇಲೆ ಊಟ ಬಿಟ್ಟು ಮತ್ತೆ ಮೊದಲಿಂದ ಕೂರ್ತಾರೆ."

ತುಣುಕು ಮುಗಿಯಿತು. ಎಡಿಟರನ ಬೆರಳುಗಳು ಕೀಲಿಮಣೆಯ ಮೇಲೆ ಹೋಗಿ ಸೇವ್ ಮಾಡುವ ಎರಡು ಕೀಲಿಗಳನ್ನು ಒಟ್ಟಿಗೆ ಒತ್ತಿದವು.

"ಮಾಡಿದೆ ಕಣೇ," ಎಂದ ಪರದೆಗೆ.