ಇಲಿ ತಿಂದ ಪುಟ

ಅವನು ಮೊದಲ ಸಲ ನಮ್ಮ ಪಂಚಾಯಿತಿ ಕಚೇರಿಗೆ ಬಂದಾಗ ಬಾಗಿಲಲ್ಲೇ ನಿಂತು, ಅಂಗಿಗೆ ಅಂಟಿದ್ದ ಮರದ ಹೊಟ್ಟನ್ನೆಲ್ಲ ಕೊಡವಿಕೊಂಡು ಒಳಗೆ ಬಂದ. ಹುಬ್ಬಿನ ಮೇಲೆ ಮಾತ್ರ ಒಂದಿಷ್ಟು ಉಳಿದುಬಿಟ್ಟಿತ್ತು. ಹೇಳಲೋ ಬೇಡವೋ ಎಂದುಕೊಳ್ಳುತ್ತ ಅವನ ಅರ್ಜಿಯನ್ನು ಎರಡು ಸಲ ಓದಿದೆ. ಒಂದಕ್ಷರವೂ ತಲೆಗೆ ಹೋಗಲಿಲ್ಲ.

“ಏನಾದ್ರೂ ತಪ್ಪಾಗಿದ್ಯಾ ಮೇಡಂ?”

“ಅರ್ಜಿ ಸರಿಯಾಗೇ ಇದೆ. ಹುಬ್ಬು ಒರೆಸ್ಕೊಳ್ಳಿ.”

ಅವನು ಒರೆಸಿಕೊಂಡ, ಇನ್ನೊಂದು ಹುಬ್ಬನ್ನು. ನಾನು ನಕ್ಕುಬಿಟ್ಟೆ. ಯಾಕೆಂದು ಗೊತ್ತಾಗದೆ ಅವನೂ ನಕ್ಕ. ಆಮೇಲೆ ಅರ್ಜಿಯನ್ನು ಮೂರನೇ ಸಲ ಓದಿದೆ. ನಗು ಅಲ್ಲಿಗೇ ನಿಂತಿತು.

ಕೆಳಗಿನ ಬೀದಿಯಿಂದ ಆಸ್ಪತ್ರೆಗೆ ಹೋಗುವ ಕಾಲುದಾರಿ ಊರಿಗೆ ಸೇರಿದ್ದೋ ಅಲ್ಲವೋ ತಿಳಿಯಬೇಕು, ದಾರಿಗಳ ವಹಿಯಲ್ಲಿರುವ ಆ ಪುಟದ ನಕಲು ಬೇಕು ಎಂದು ಬರೆದಿದ್ದ. ಆ ದಾರಿಗೆ ಹಿಂದಿನ ತಿಂಗಳಷ್ಟೇ ಬೇಲಿ ಬಿದ್ದಿತ್ತು. ಬೇಲಿ ಹಾಕಿಸಿದವರು ಪಂಚಾಯಿತಿ ಅಧ್ಯಕ್ಷರು. ಅಧ್ಯಕ್ಷರು ನನ್ನ ಸೋದರಮಾವ.

“ನಮ್ಮಮ್ಮನ ಕಾಲಲ್ಲಿ ಹುಣ್ಣು ಮೇಡಂ. ವಾರಕ್ಕೆರಡು ಸಲ ಪಟ್ಟಿ ಬದಲಾಯಿಸ್ಬೇಕು. ಆ ದಾರಿ ಇದ್ದಾಗ ಹತ್ತು ನಿಮಿಷ. ಈಗ ಸೇತುವೆ ಸುತ್ತಿ ಹೋಗೋಕೆ ಮುಕ್ಕಾಲು ಗಂಟೆ. ಸೈಕಲ್ ಮೇಲೆ ಕೂತ್ಕೋ ಅಂದ್ರೆ, ಇರೋ ಒಂದು ಕಾಲೂ ಮುರೀತೀಯ ಅಂತಾಳೆ.”

“ಮುಂದಿನ ಸೋಮವಾರ ಬನ್ನಿ. ತೆಗೆದಿಟ್ಟಿರ್ತೀನಿ,” ಎಂದೆ. ಆ ಮಾತು ಹೇಳುವಾಗ ಸುಳ್ಳಾಗಿರಲಿಲ್ಲ.

ಅಂದೇ ಮಧ್ಯಾಹ್ನ ಬೀರುವಿನ ಕೆಳಗಿನ ಅಂತಸ್ತಿನಲ್ಲಿ ವಹಿ ಸಿಕ್ಕಿತು. ಪುಟವೂ ಸಿಕ್ಕಿತು. ಐದಡಿ ಅಗಲದ ದಾರಿಯನ್ನು ತನ್ನ ಜಮೀನಿನಿಂದ ಊರಿಗೆ ಬಿಟ್ಟುಕೊಟ್ಟಿದ್ದೇನೆ ಎಂಬ ಹೇಳಿಕೆ, ಕೆಳಗೆ ಸಹಿ. ಸಹಿ ನನ್ನ ಅಜ್ಜನದು, ಎಂದರೆ ಮಾವನ ಅಪ್ಪನದು. ಖುಷಿಯಾಯಿತು. ಸಂಜೆ ಮಾವ ಟೀ ಕುಡಿಯುತ್ತಿದ್ದಾಗ ಅದೇ ಖುಷಿಯಲ್ಲಿ ಹೇಳಿಬಿಟ್ಟೆ.

ಮಾವ ಲೋಟ ಕೆಳಗಿಟ್ಟರು. ಬೇಲಿಯೊಳಗೆ ಟ್ರ್ಯಾಕ್ಟರ್ ನಿಲ್ಲಿಸುವ ಶೆಡ್ಡಿಗೆ ಆಗಲೇ ಪಾಯ ತೆಗೆಸಿದ್ದರು.

“ಆ ವಹಿ ಸದ್ಯಕ್ಕೆ ಕಾಣಿಸ್ದೆ ಇರ್ಲಿ ಮಗಳೇ. ಶೆಡ್ ಏಳೋವರೆಗೆ ಅಷ್ಟೇ.”

ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವರು ಅವರು. ಸೈಕಲ್ ಕಲಿಸುವಾಗ ಹಿಂದೆ ಓಡಿ ಬಂದವರು, ಪರೀಕ್ಷೆಯ ದಿನ ಗೇಟಿನ ಹೊರಗೆ ಬಿಸಿಲಲ್ಲಿ ಮೂರು ಗಂಟೆ ನಿಂತವರು. ಅವರ ಮುಂದೆ ‘ಆಗಲ್ಲ’ ಅನ್ನುವುದು ನನ್ನ ನಾಲಿಗೆಗೆ ಅಭ್ಯಾಸವೇ ಇರಲಿಲ್ಲ.

ಎರಡನೇ ಸೋಮವಾರ ಅವನು ಹುಬ್ಬನ್ನೂ ಒರೆಸಿಕೊಂಡು ಬಂದಿದ್ದ.

“ಆ ವಹಿ...” ಎಂದೆ. ಮುಂದಿನ ಮಾತು ತಯಾರಿರಲಿಲ್ಲ. “ಇಲಿ ತಿಂದಿದೆ. ಒಂದಷ್ಟು ಪುಟ. ಮಿಕ್ಕಿದ್ದು ಎಲ್ಲಿ ಸೇರ್ಕೊಂಡಿದ್ಯೋ ಹುಡುಕ್ಬೇಕು.”

“ಅಯ್ಯೋ, ನೀವ್ಯಾಕೆ ಅಷ್ಟು ಬೇಜಾರು ಮಾಡ್ಕೋತೀರಿ? ಇಲಿ ಮಾಡಿದ್ದಕ್ಕೆ ನೀವೇನ್ ಮಾಡೋಕಾಗತ್ತೆ!”

ಮೂರನೇ ಸೋಮವಾರ ಅವನ ಕೈಯಲ್ಲೊಂದು ಇಲಿಬೋನು. ಬಡಗಿಯಲ್ಲವೇ, ತಾನೇ ಮಾಡಿದ್ದು. ಅಂಚುಗಳನ್ನೆಲ್ಲ ಉಜ್ಜಿ ಉಜ್ಜಿ ಆಟದ ಸಾಮಾನಿನಷ್ಟು ನುಣುಪು ಮಾಡಿದ್ದ.

“ಇದ್ರಲ್ಲಿ ಸಾಯಲ್ಲ ಮೇಡಂ, ಸಿಕ್ಕಿಹಾಕ್ಕೊಳ್ಳತ್ತೆ ಅಷ್ಟೇ. ಬೆಳಿಗ್ಗೆ ಬಂದು ಸತ್ತಿಲಿ ನೋಡಿ ನೀವು ಹೆದರ್ಬಾರ್ದಲ್ವಾ.”

ಎರಡೂ ಕೈಯಲ್ಲಿ ತೆಗೆದುಕೊಂಡೆ. ಅವನ ಬೆರಳು ನನ್ನ ಬೆರಳಿಗೆ ತಾಗಿತು. ಎಷ್ಟು ಒರಟಾಗಿತ್ತು, ಎಷ್ಟು ಬೆಚ್ಚಗಿತ್ತು! ಅವನು ಹೋದ ಮೇಲೆ ಬೋನನ್ನು ಬೀರುವಿನ ಪಕ್ಕ ಇಟ್ಟು, ಅದರ ಕಡೆ ಬೆನ್ನು ಮಾಡಿ ಕುಳಿತೆ. ನಮ್ಮ ಕಚೇರಿಯಲ್ಲಿ ಇಲಿಗಳೇ ಇರಲಿಲ್ಲ.

ಆಮೇಲಿನ ಸೋಮವಾರಗಳಂದು ನಾನು ಕನ್ನಡಿಯ ಮುಂದೆ ಐದು ನಿಮಿಷ ಹೆಚ್ಚು ನಿಲ್ಲತೊಡಗಿದೆ.

“ಸಿಕ್ತಾ?” ಎಂದು ಬಾಗಿಲಲ್ಲೇ ಕೇಳುತ್ತಿದ್ದ.

“ವಹಿನಾ?”

“ಇಲಿ.”

“ಇಲ್ಲ.”

“ಭಾರಿ ಬುದ್ಧಿವಂತ ಇಲಿ. ಇಷ್ಟೊತ್ತಿಗೆ ಅರ್ಧ ಆಫೀಸು ಓದಿ ಮುಗಿಸಿರತ್ತೆ.”

ಕಣ್ಣಂಚಿನಲ್ಲಿ ನಗುತ್ತಿದ್ದ. ನಾನು ತಲೆ ತಗ್ಗಿಸಿ ನಗುತ್ತಿದ್ದೆ. ಇನ್ನೂ ಸಂಕೋಚ ಇವಳಿಗೆ ಎಂದುಕೊಂಡಿರಬೇಕು. ಅವನು ಹೊರಟ ಮೇಲೆ ಅರ್ಜಿಗಳ ಪಟ್ಟಿ ತೆರೆದು ಅವನ ಸಾಲಿನ ಎದುರು ‘ವಹಿ ಹುಡುಕಲಾಗುತ್ತಿದೆ’ ಎಂದು ಬರೆದು ಕಿರುಸಹಿ ಹಾಕುತ್ತಿದ್ದೆ. ಪ್ರತಿ ವಾರ ಅದೇ ಸಾಲು, ಪ್ರತಿ ವಾರ ನನ್ನ ದುಂಡನೆಯ ಅಕ್ಷರ.

ಏಳನೇ ವಾರ ಅವನು ಬೀರುವಿನ ಸುತ್ತ ಒಂದು ಸುತ್ತು ಹಾಕಿ, “ಹಿಂದಿನ ಹಲಗೆ ಬಿಟ್ಕೊಂಡಿದೆ ಮೇಡಂ. ಬರೋ ವಾರ ಸರಿ ಮಾಡ್ಕೊಡ್ತೀನಿ, ಯಾವ ಇಲಿನೂ ನುಗ್ಗಬಾರ್ದು,” ಎಂದ. ಆ ದಿನವೇ ವಹಿಯನ್ನು ಬೀರುವಿನಿಂದ ತೆಗೆದು ನನ್ನ ಮೇಜಿನ ಡ್ರಾಯರಿಗೆ ತುರುಕಿದೆ. ಎಂಟನೇ ಸೋಮವಾರ ಅವನು ಬಂದು ಬೀರುವಿನ ಹಲಗೆ ಬಡಿದು ಹೋದ.

ಒಂಬತ್ತನೇ ಸೋಮವಾರ ಒಬ್ಬ ಅಜ್ಜಿ ವಾಸದ ಪತ್ರಕ್ಕೆ ಮೊಹರು ಹಾಕಿಸಿಕೊಳ್ಳಲು ಬಂದಿದ್ದಳು. ಮೊಹರು ಅದೇ ಡ್ರಾಯರಿನಲ್ಲಿತ್ತು. ಎಳೆದರೆ ಬರಲೊಲ್ಲದು. ಒಳಗಿನ ದಪ್ಪ ವಹಿ ಮೇಲಿನ ಮರದ ಪಟ್ಟಿಗೆ ಸಿಕ್ಕಿಕೊಂಡಿತ್ತು.

“ಬಿಡಿ, ಇದು ನನ್ ಕೆಲಸ.” ಅವನು ಯಾವಾಗ ಬಂದನೋ!

“ಬೇಡ ಬೇಡ, ಆಮೇಲೆ...” ಅನ್ನುವಷ್ಟರಲ್ಲಿ ಮಂಡಿಯೂರಿ ಕುಳಿತಾಗಿತ್ತು. ಕೆಳಗಿನಿಂದ ಕೈ ಹಾಕಿ, ಒಮ್ಮೆ ಎತ್ತಿ, ಒಮ್ಮೆ ಅಲುಗಿಸಿ, ಡ್ರಾಯರನ್ನು ಪೂರ್ತಿಯಾಗಿ ಹೊರಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ.

ಮೇಲೇ ಇತ್ತು ವಹಿ. ‘ದಾರಿಗಳ ವಹಿ’ ಎಂದು ರಟ್ಟಿನ ಮೇಲೆ ಬೆರಳುದ್ದದ ಅಕ್ಷರ. ಅವನು ತೆರೆದ. ಒಂದೊಂದೇ ಪುಟ ತಿರುವಿದ. ಯಾವ ಪುಟವನ್ನೂ ಯಾವ ಇಲಿಯೂ ಮೂಸಿಯೂ ನೋಡಿರಲಿಲ್ಲ.

ಅವನು ನನ್ನನ್ನು ನೋಡಲಿಲ್ಲ. ವಹಿಯನ್ನು ಮುಚ್ಚಿ ಪಕ್ಕಕ್ಕಿಟ್ಟ. ಮೊಹರನ್ನು ಅಜ್ಜಿಯ ಕಾಗದದ ಪಕ್ಕ ಇಟ್ಟ. ಜೇಬಿನಿಂದ ಮೇಣದ ತುಂಡು ತೆಗೆದು ಡ್ರಾಯರಿನ ಎರಡೂ ಅಂಚಿಗೆ ನಿಧಾನವಾಗಿ ತಿಕ್ಕಿದ. ವಹಿಯನ್ನು ಮತ್ತೆ ಅದರೊಳಗೇ ಇಟ್ಟು, ಡ್ರಾಯರನ್ನು ತಳ್ಳಿ, ಎಳೆದು, ತಳ್ಳಿ ನೋಡಿದ.

“ಈಗ ಸಲೀಸಾಗಿ ಬರತ್ತೆ ಮೇಡಂ,” ಎಂದು ಎದ್ದು ಹೋದ.

ಬೈದಿದ್ದರೆ ಅಳಬಹುದಿತ್ತು. ಅಜ್ಜಿ, “ಏನಮ್ಮಾ, ಮೈ ಹುಷಾರಿಲ್ವಾ?” ಎಂದು ಕೇಳಿದಳು. ಮೊಹರನ್ನು ತಲೆಕೆಳಗಾಗಿ ಒತ್ತಿದ್ದೆ.

ಮಧ್ಯಾಹ್ನ ಕಚೇರಿಗೆ ಬೀಗ ಹಾಕಿಕೊಂಡು ಒಳಗೇ ಕುಳಿತು, ಅಜ್ಜನ ಪುಟವನ್ನು ಅಕ್ಷರ ಅಕ್ಷರ ನಕಲು ಮಾಡಿ ಸಹಿ ಹಾಕಿ ಮೊಹರು ಒತ್ತಿದೆ. ಎಲ್ಲ ಸೇರಿ ಅರ್ಧ ಗಂಟೆಯ ಕೆಲಸ. ಅದಕ್ಕೆ ಎಂಟು ವಾರ ಹಿಡಿದಿತ್ತು. ಸೇತುವೆ ಸುತ್ತಿ ಕೆಳಗಿನ ಬೀದಿಗೆ ನಡೆದೆ. ದಾರಿಯುದ್ದಕ್ಕೂ ನೆರಳಿರಲಿಲ್ಲ.

ಅವನು ಮನೆ ಮುಂದಿನ ಅಂಗಡಿಯಲ್ಲಿ ಹಲಗೆಗೆ ಹತ್ತರಿ ಹೊಡೆಯುತ್ತಿದ್ದ. ಸುರುಳಿ ಸುರುಳಿಯಾಗಿ ಮರದ ಸಿಪ್ಪೆ ಕಾಲ ಬಳಿ ಬೀಳುತ್ತಿತ್ತು. ನನ್ನನ್ನು ಕಂಡೂ ಕೈ ನಿಲ್ಲಿಸಲಿಲ್ಲ.

“ನಕಲು ತಂದಿದೀನಿ.”

“ಅಲ್ಲಿಡಿ.”

“ನಾನು ಸುಳ್ಳು ಹೇಳ್ದೆ.”

“ಗೊತ್ತಾಯ್ತು.”

“ಮೊದಮೊದಲು ಮಾವನಿಗೆ ಹೆದರಿ.”

“ಆಮೇಲೆ?”

ಇದೊಂದನ್ನು ಹೇಳದೆ ಹೋಗಬಹುದಿತ್ತು. ಆದರೆ ಇನ್ನೊಂದನ್ನು ಮುಚ್ಚಿಡುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

“ಆಮೇಲೆ... ನಕಲು ಕೊಟ್ಬಿಟ್ರೆ ನೀವು ಮತ್ತೆ ಬರಲ್ಲ ಅಂತ.”

ಹತ್ತರಿ ನಿಂತಿತು. ಅವನು ನಕ್ಕಾನು ಎಂದು ಎಲ್ಲೋ ಒಂದು ಕಡೆ ಆಸೆಪಟ್ಟಿದ್ದೆ.

“ಹದಿನಾರು ಸಲ,” ಎಂದ. “ನಮ್ಮಮ್ಮ ಆ ಕಾಲು ಎಳ್ಕೊಂಡು ಹದಿನಾರು ಸಲ ಸೇತುವೆ ಸುತ್ತಿ ಹೋಗಿ ಬಂದಿದಾಳೆ. ನೀನು ನನ್ ಮುಖ ನೋಡ್ಬೇಕು ಅಂತ! ಹೋಗು, ಅವಳಿಗೇ ಹೇಳು ಹೋಗು.”

ಮೊದಲ ಸಲ ಅವನು ನನ್ನನ್ನು ‘ನೀನು’ ಅಂದಿದ್ದ. ಎಷ್ಟೋ ಸೋಮವಾರ ಅದಕ್ಕಾಗಿ ಕಾದಿದ್ದೆ. ಹೀಗೆ ಬಂತು.

ಒಳಗೆ ಅವನ ತಾಯಿ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಕುಳಿತಿದ್ದರು. ಎಲ್ಲವನ್ನೂ ಹೇಳಿದೆ, ಕೊನೆಯ ಕಾರಣವನ್ನೂ. ಅವರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

“ತಪ್ಪಾಯ್ತು ಅಂತ ಹೇಳೋಕೆ ಬಂದ್ಯಾ?”

“ಹೂಂ.”

“ಅದನ್ನ ಇಟ್ಕೊಂಡು ನಾನೇನ್ ಮಾಡ್ಲಿ? ಗುರುವಾರ ಪಟ್ಟಿ ಹಾಕಿಸೋ ದಿನ. ಬೆಳಿಗ್ಗೆ ಒಂಬತ್ತಕ್ಕೆ ಬಾ. ಜೊತೆಗೆ ನಡೆಯುವಂತೆ.”

ಹೋದೆ. ಅವರು ನನ್ನ ತೋಳಿನ ಮೇಲೆ ಭಾರ ಬಿಟ್ಟು ನಡೆದರು. ಸೇತುವೆಗೆ ಬರುವ ಮೊದಲು ನಾಲ್ಕು ಕಡೆ ಕುಳಿತೆವು. ಎಲ್ಲಿ ಕೂರಬಹುದು ಎಂದು ಅವರಿಗೆ ಕಲ್ಲು ಕಲ್ಲಿನ ಪರಿಚಯವಿತ್ತು. ನರ್ಸ್ ಪಟ್ಟಿ ಬಿಚ್ಚಿದಾಗ ನಾನು ಮುಖ ತಿರುಗಿಸಿದೆ. “ನೋಡು,” ಎಂದರು. ನೋಡಿದೆ. ಬರುವಾಗ “ಸ್ವಲ್ಪ ನಿಧಾನ, ನಿಂಗೆ ವಯಸ್ಸಿದೆ,” ಎಂದು ಒಂದು ಸಲ ಅಂದರು ಅಷ್ಟೇ.

ಅಂದು ಸಂಜೆ ಮಾವನಿಗೆ ಹೇಳಿದೆ, ನಕಲು ಕೊಟ್ಟಿದ್ದೇನೆ ಎಂದು.

“ಅರ್ಜಿ ಪಟ್ಟೀಲಿರೋದು ನಿನ್ನ ಸಹಿ. ಕೇಳೋರು ನಿನ್ನ ಕೇಳ್ತಾರೆ, ನನ್ನನ್ನಲ್ಲ.”

“ಗೊತ್ತು ಮಾವ. ಮಾಡಿದ್ದನ್ನೆಲ್ಲ ಮೇಲಿನ ಕಚೇರಿಗೆ ನಾನೇ ಬರೆದು ಕಳಿಸಿದೀನಿ.”

ಮಾವನಿಗೆ ಎದುರಾಡಿದ್ದು ಅದೇ ಮೊದಲು. ಗೆದ್ದಂತೇನೂ ಅನ್ನಿಸಲಿಲ್ಲ.

ತಿಂಗಳ ಸಭೆಯಲ್ಲಿ ಬಡಗಿ ಎದ್ದು ನಿಂತು ನಕಲನ್ನು ಓದಿದ. ಅಜ್ಜನ ಹೇಳಿಕೆ ಬಂದಾಗ ಹಿಂದಿನ ಸಾಲಿನಲ್ಲಿ ಯಾರೋ, “ಅಪ್ಪ ಬಿಟ್ಟ ದಾರಿಗೆ ಮಗ ಬೇಲಿ!” ಎಂದರು. ಯಾರೂ ನಗಲಿಲ್ಲ. ನಾನು ಮೂಲ ವಹಿಯನ್ನು ಮಾವನ ಮುಂದಿಟ್ಟೆ. ಅವರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಆ ಸಹಿಯನ್ನು ಬಹಳ ಹೊತ್ತು ನೋಡಿದರು. ಮರುದಿನ ಬೆಳಿಗ್ಗೆ ಆಳುಗಳನ್ನು ಕರೆಯದೆ ತಾವೇ ಬೇಲಿಯ ಗೂಟ ಕಿತ್ತು, ಶೆಡ್ಡಿನ ಪಾಯಕ್ಕೆ ಮಣ್ಣು ಮುಚ್ಚಿದರು.

ಮೂರು ವಾರಕ್ಕೆ ನನಗೆ ಆದೇಶ ಬಂತು. ಎಚ್ಚರಿಕೆ ಪತ್ರ, ಜೊತೆಗೆ ವರ್ಗಾವಣೆ. ಬಸ್ಸಿನಲ್ಲಿ ಎರಡು ಗಂಟೆ ದೂರದ ಕಚೇರಿ. ಜನರ ಅರ್ಜಿ ಮುಟ್ಟದ ಕೆಲಸ. ಆ ಮೂರು ವಾರವೂ ಪಟ್ಟಿಯ ದಿನ ಅವನ ತಾಯಿಯ ಜೊತೆ ಆಸ್ಪತ್ರೆಗೆ ಹೋದೆ, ತೆರೆದ ಕಾಲುದಾರಿಯಲ್ಲಿ, ಹತ್ತೇ ನಿಮಿಷ. ಅವನು ಅಂಗಡಿಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

ಹೊರಡುವ ಬೆಳಿಗ್ಗೆ ಮಾವ ನನ್ನ ಪೆಟ್ಟಿಗೆಗೆ ಹಗ್ಗ ಬಿಗಿದು ಜಗುಲಿಯ ಮೇಲಿಟ್ಟರು. “ನಾನು ನಿನಗೆ ಹಾಗೆ ಹೇಳ್ಬಾರ್ದಿತ್ತು ಮಗಳೇ,” ಎಂದು ಹಗ್ಗದ ಗಂಟಿಗೇ ಹೇಳಿ ಒಳಗೆ ಹೋದರು.

ಬಸ್ ನಿಲ್ದಾಣದಲ್ಲಿ ಅವನು ನಿಂತಿದ್ದ. ಎಷ್ಟು ಹೊತ್ತಿನಿಂದಲೋ.

“ಒಂದ್ ಮಾತು ಹೇಳ್ಬೇಕಿತ್ತು.”

“ಬೈಯೋದು ಉಳ್ಕೊಂಡಿದ್ರೆ ಬೈದುಬಿಡಿ. ಬಸ್ಸಿಗಿನ್ನೂ ಹೊತ್ತಿದೆ.”

“ಮೂರನೇ ವಾರವೇ ಆ ನರ್ಸ್ ಹೇಳಿದ್ರು. ಮೇಲಿನ ಆಫೀಸಿಗೆ ಒಂದು ದೂರು ಹಾಕು, ಹತ್ತು ದಿನದಲ್ಲಿ ನಕಲು ಮನೆಗೇ ಬರತ್ತೆ ಅಂತ.” ಅವನು ನೆಲ ನೋಡುತ್ತಿದ್ದ. “ಹಾಕಲಿಲ್ಲ.”

“ಯಾಕೆ?”

“ಯಾಕೆ ಅಂದ್ರೆ... ನಕಲು ಮನೆಗೇ ಬಂದ್ಬಿಟ್ರೆ ಸೋಮವಾರ ನಾನು ಎಲ್ಲಿಗ್ ಹೋಗ್ಲಿ?” ಕಿವಿಯವರೆಗೂ ಕೆಂಪಾಗಿದ್ದ. “ಅವತ್ತು ನಿನ್ ಮೇಲೆ ಕೂಗಾಡಿದ್ರಲ್ಲಿ ಅರ್ಧ ನನಗೆ ನಾನೇ ಬೈಕೊಂಡಿದ್ದು. ಅದನ್ನ ಹೇಳೋಕೆ ಇಷ್ಟು ದಿನ ಮುಖ ಇರ್ಲಿಲ್ಲ.”

“ಅಮ್ಮನಿಗೆ ಹೇಳಿದ್ರಾ?” ಎಂದೆ.

“ಇವತ್ತು ಬೆಳಿಗ್ಗೆ.”

“ಏನಂದ್ರು?”

“‘ಇಬ್ಬರೂ ಸೇರಿ ನನ್ನ ಕಾಲು ಸವೆಸಿದ್ರಿ. ಇನ್ನು ಇಬ್ಬರೂ ಸೇರಿ ನೋಡ್ಕೊಳ್ಳಿ’ ಅಂದ್ಲು.” ಅವನು ತಲೆಯೆತ್ತಿದ. “ಭಾನುವಾರ ಅವಳನ್ನೂ ಕರ್ಕೊಂಡು ಅಲ್ಲಿಗೆ ಬರ್ತೀನಿ. ಬರ್ಬಹುದಾ?”

ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಅವನು ಪೆಟ್ಟಿಗೆ ಎತ್ತಿಕೊಂಡ. ನಾನು ಹೂಂ ಅನ್ನುವಷ್ಟು ತಲೆಯಾಡಿಸಿದೆ, ಆದರೆ ಮೇಲೆತ್ತಲಾಗಲಿಲ್ಲ.

“ಯಾಕೆ ತಲೆ ಬಗ್ಗಿಸಿದೀಯ?”

“ನಾಚಿಕೆ.”

“ಯಾವ ನಾಚಿಕೆ? ಇಲಿ ವಿಷಯಕ್ಕಾ, ನಾನು ಬರ್ತೀನಿ ಅಂದಿದ್ದಕ್ಕಾ?”

“ಎರಡೂ,” ಎಂದೆ.