ಫುಟ್‌ಬಾಲ್ ಯಂತ್ರದ ಕಳವು

ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ರೆಸಾರ್ಟ್ ಮಾಲೀಕ ಮನೋಹರ್ ದೂರು ಹಿಡಿದು ದೇವನಹಳ್ಳಿ ಬಳಿಯ ಠಾಣೆಗೆ ಬಂದರು. ಹಜಾರದಲ್ಲಿಟ್ಟಿದ್ದ ಹಳೆಯ ಫುಟ್‌ಬಾಲ್ ಯಂತ್ರ ಕಾಣೆಯಾಗಿತ್ತು. ನಾಣ್ಯ ಹಾಕಿ ಹಿಡಿ ತಿರುಗಿಸಿದರೆ ಗಾಜಿನೊಳಗೆ ತಗಡಿನ ಆಟಗಾರರು ಚೆಂಡು ಒದೆಯುವಂಥದ್ದು; ಹಳೆಯ ವಸ್ತು ಕೂಡಿಡುವವರು ಅದಕ್ಕೆ ಮುಗಿಬೀಳುತ್ತಾರೆ. ಇನ್‌ಸ್ಪೆಕ್ಟರ್ ಪ್ರಮೋದಾ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೆಬಲ್ ಹನುಮಂತರಾಯಪ್ಪನವರೊಂದಿಗೆ ಹೋಗಿ ಸ್ಥಳ ಪಂಚನಾಮೆ ಮಾಡಿದರು. ಬಾಗಿಲು ಒಡೆದಿರಲಿಲ್ಲ.

"ಯಾರ ಮೇಲಾದ್ರೂ ಅನುಮಾನ ಇದ್ಯಾ?"

"ಆ ಮುದುಕನ ಮೇಲೇ ಮೇಡಂ. ಅವನ ಹತ್ರಾನೇ ಕೊಂಡ್ಕೊಂಡಿದ್ದು."

ಮುದುಕ ಅಂದರೆ ಕೋದಂಡರಾಮಯ್ಯ. ಹಿಂದೆ ದೊಡ್ಡಬಳ್ಳಾಪುರದ ಟಾಕೀಸಿನೆದುರು ಆ ಯಂತ್ರ ಇಟ್ಟುಕೊಂಡಿದ್ದವರು. ಮಾರಿದ ಮೇಲೂ ಬಿಟ್ಟಿರಲಾರದೆ ಅದನ್ನು ನೋಡಿಕೊಳ್ಳುವ ಕೆಲಸಕ್ಕೇ ಸೇರಿದ್ದರು. ಅತಿಥಿಗಳು ಗೋಲು ಹೊಡೆದಾಗಲೆಲ್ಲ ಸೀಟಿ ಊದಿ ಕುಣಿಯಬೇಕೆಂಬುದು ಮಾಲೀಕರ ಕಟ್ಟಳೆ. ಮನೋಹರ್ ನಗುತ್ತ ಅದರ ವಿಡಿಯೊ ತೋರಿಸಿದರು. ಪ್ರಮೋದಾ ಅರ್ಧಕ್ಕೇ ಸಾಕೆಂದರು, ಯಾಕೋ ನೋಡಲಾಗಲಿಲ್ಲ.

ಸೋಮವಾರ ಅತಿಥಿಗಳಿಲ್ಲದ ಹೊತ್ತಿನಲ್ಲಿ ಲಾಂಡ್ರಿ ಟೆಂಪೊ ಬಂದಿತ್ತೆಂದು ಗೇಟಿನ ಕಾವಲುಗಾರ ಹೇಳಿದ. ಚಾಲಕ ಚೌಡೇಶನನ್ನು ಕರೆಸಿದರು.

"ಯಂತ್ರ ಎಲ್ಲಪ್ಪಾ?"

"ರಿಪೇರಿಗೆ ಅಂತ ರಿಸೆಪ್ಷನ್ ಅರುಣಾ ಮೇಡಂ ಹೇರಿಸಿದ್ರು. ದೊಡ್ಡಬಳ್ಳಾಪುರದಲ್ಲಿ ಮಗ್ಗದ ಶೆಡ್‌ಗೆ ಇಳಿಸ್ಬಂದೆ."

ಮುಚ್ಚಿದ ಶೆಡ್ಡಿನಲ್ಲಿ, ಗೋಣಿಚೀಲದಡಿ, ಯಂತ್ರ ಮುಕ್ಕಾಗದೆ ಸಿಕ್ಕಿತು. ಜಪ್ತಿ ಪಂಚನಾಮೆ ಮುಗಿಸಿ ರೆಸಾರ್ಟಿಗೆ ಮರಳುವಾಗ ನಾಲ್ಕು ಗಂಟೆ. ಪೊಲೀಸರು ರಿಸೆಪ್ಷನ್ ಕಡೆ ನಡೆದದ್ದೇ ಕೋದಂಡರಾಮಯ್ಯ ಅಡ್ಡ ಬಂದರು.

"ನಾನೇ ಕದ್ದಿದ್ದು ತಾಯಿ. ನನ್ನ ಕರ್ಕೊಂಡೋಗಿ."

"ಎಲ್ಲಿಟ್ಟಿದ್ದೀರಿ?"

"ನಾನೇ ತಾಯಿ, ನಾನೇ," ಎಂದಷ್ಟೇ ಹೇಳಿದರು. ಜಾಗ ಗೊತ್ತಿದ್ದರೆ ತಾನೇ ಹೇಳುವುದು!

"ಅವರಿಗೇನೂ ಗೊತ್ತಿಲ್ಲ ಮೇಡಂ," ಅರುಣಾ ಎದ್ದು ನಿಂತಳು. "ಅವರು ನಮ್ಮಪ್ಪ."

ಇಬ್ಬರೂ ಒಂದೇ ಹಜಾರದಲ್ಲಿ ದುಡಿಯುತ್ತಿದ್ದರೂ ಅಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ.

ಪ್ರಮೋದಾ ಅವಳನ್ನು ಒಳಕೋಣೆಯಲ್ಲಿ ಕೂರಿಸಿ ಕೇಳಿದರು. "ಯಾಕಮ್ಮಾ ಹೀಗ್ಮಾಡ್ದೆ?"

"ಯಾರೋ ಗೆಸ್ಟು, ಈ ಕೋಡಂಗಿ ಯಾರು ಅಂತ ಕೇಳಿದ್ರು. ಗೊತ್ತಿಲ್ಲ ಸಾರ್ ಅಂದ್ಬಿಟ್ಟೆ. ಅಪ್ಪ ಅಲ್ಲೇ ಇದ್ರು. ಕೇಳಿಸ್ಕೊಂಡೂ ಸೀಟಿ ಊದಿದ್ರು, ಕುಣಿದ್ರು. ಯಂತ್ರ ಹೋದ್ರೆ ಅದೊಂದಾದ್ರೂ ತಪ್ಪುತ್ತೆ ಅಂದ್ಕೊಂಡೆ. ಅವರನ್ನೇ ಅನುಮಾನಿಸ್ತಾರೆ ಅಂತ ಹೊಳೀಲಿಲ್ಲ."

ಸಂಜೆ ಐದಕ್ಕೆ ಅರುಣಾಳ ಬಂಧನ. ಹನುಮಂತರಾಯಪ್ಪ ಹಜಾರದಲ್ಲೇ ಕಾಗದ ಬರೆಯುತ್ತ ಕೇಳಿದರು:

"ಮನೇಲಿ ಯಾರಿಗೆ ತಿಳಿಸ್ಬೇಕಮ್ಮಾ?"

"ನಂಗೇ ತಿಳಿಸಿ ಸಾಮಿ," ಎಂದು ಕೋದಂಡರಾಮಯ್ಯ ಮುಂದೆ ಬಂದು, ಎಲ್ಲರೆದುರೂ ಮಗಳ ಪಕ್ಕ ನಿಂತರು.