ನಾನೂರ ಹದಿನೇಳನೇ ಬಿಲ್ಲೆ

ನಾನು ಆಂಡರ್ಸನ್‌ಪೇಟೆಯಲ್ಲಿ ಆಟೋ ಓಡಿಸುವವನು. ಕತೆ ಕಟ್ಟುವ ಜಾಣತನ ನನಗಿಲ್ಲ, ನಡೆದದ್ದನ್ನಷ್ಟೇ ಹೇಳುತ್ತೇನೆ.

ನಮ್ಮೂರ ಚಿನ್ನದ ಗಣಿಗೆ ಇಳಿಯುವವರಿಗೆ ಒಂದೇ ನಂಬರಿನ ಎರಡು ಹಿತ್ತಾಳೆ ಬಿಲ್ಲೆ ಕೊಡುತ್ತಿದ್ದರು. ಒಂದನ್ನು ಮೇಲಿನ ಹಲಗೆಗೆ ತೂಗುಹಾಕಿ, ಇನ್ನೊಂದನ್ನು ಜೇಬಿನಲ್ಲಿಟ್ಟುಕೊಂಡು ಇಳಿಯಬೇಕು, ಮೇಲೆ ಬಂದ ಮೇಲೇ ಹಲಗೆಯದನ್ನು ತೆಗೆಯಬೇಕು. ಹಾಗೆ ಇಳಿದ ನಮ್ಮಪ್ಪ ಮೇಲೆ ಬರಲಿಲ್ಲ, ದೇಹವೂ ಸಿಗಲಿಲ್ಲ. ಹಲಗೆಯಲ್ಲಿದ್ದ ನಾನೂರ ಹದಿನೇಳನೇ ಬಿಲ್ಲೆ ಮಾತ್ರ ಮನೆಗೆ ಬಂತು.

ತಂಗಿ ಕಲಾ ಗಗನಸಖಿ. ಅವಳು ಡ್ಯೂಟಿಗೆ ಹೊರಟಾಗಲೆಲ್ಲ ಅಮ್ಮ ಆ ಬಿಲ್ಲೆಯನ್ನು ಬಾಗಿಲ ಮೊಳೆಗೆ ಹಾಕುತ್ತಾಳೆ, ವಾಪಸು ಬಂದ ಮೇಲೇ ತೆಗೆಯುತ್ತಾಳೆ.

"ಸಮುದ್ರದ ಮ್ಯಾಲೆ ಅರ್ಧ ದಾರಿ ದಾಟಿದ್ರೆ ತಿರುಗಿ ಬರೋಕೆ ಎಣ್ಣೆ ಸಾಲಲ್ಲಣ್ಣ. ಏನೇ ಆಗ್ಲಿ, ಮುಂದಕ್ಕೇ ಓಗ್ಬೇಕು" ಎಂದು ಕಲಾ ಒಮ್ಮೆ ಹೇಳಿದ್ದಳು.

ಹೋದ ಆಷಾಢದಲ್ಲಿ ಒಂದು ದಿನ, ಬೆಳಗ್ಗೆ ಹನ್ನೊಂದರ ಹೊತ್ತಿಗೆ, ಗಾಳಿಯೇ ಇಲ್ಲದೆ ಬಿಲ್ಲೆ ಅಲುಗಾಡತೊಡಗಿತು. ಮುಟ್ಟಿದೆ. ಒದ್ದೆಯಾಗಿ, ಕೈ ಮರಗಟ್ಟುವಷ್ಟು ತಣ್ಣಗಿತ್ತು. ಹೊಸ್ತಿಲ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಅಪ್ಪನ ಬಟ್ಟೆಗಿರುತ್ತಿದ್ದ ಗಣಿಯ ವಾಸನೆ ಬಂತು.

"ತೆಗೀಬ್ಯಾಡ ಕಣ್ಲಾ, ಅವ್ಳಿನ್ನೂ ಮ್ಯಾಲೆ ಬಂದಿಲ್ಲ" ಎಂದಳು ಅಮ್ಮ.

ಅದೇ ಹೊತ್ತಿಗೆ, ಅರ್ಧ ದಾರಿ ದಾಟಿದ ಮೇಲೆ, ಕಲಾಳ ವಿಮಾನದ ಒಂದು ಇಂಜಿನ್ ನಿಂತಿತ್ತಂತೆ. ಉಳಿದ ಒಂದರಲ್ಲೇ ಮೂರು ಗಂಟೆ ಹಾರಿ ದಡ ಸೇರಿದ್ದರು.

ಮನೆಗೆ ಬಂದ ಕಲಾ ಯೂನಿಫಾರ್ಮಿನ ಜೇಬಿನಿಂದ ಏನನ್ನೋ ತೆಗೆದು ಅಮ್ಮನ ಕೈಯಲ್ಲಿಟ್ಟಳು. ಹಸಿ ಕೆಸರು ಮೆತ್ತಿದ ಹಿತ್ತಾಳೆ ಬಿಲ್ಲೆ. ಅಮ್ಮ ಅದನ್ನು ಸೆರಗಿನಲ್ಲಿ ಒರೆಸಿದಳು.

ನಾನೂರ ಹದಿನೇಳು.

ನಾನು ಬಾಗಿಲ ಕಡೆ ನೋಡಿದೆ. ನಮ್ಮದು ಮೊಳೆಯಲ್ಲೇ ಇತ್ತು.